ದಕ್ಷಿಣದ ದಾರಿ ಮತ್ತು ಹಿಂಗಾರಿನ ಲೆಕ್ಕ

ಡಿಸೆಂಬರ್ ಬಂತೆಂದರೆ ಧಾರವಾಡದ ಕಡೆಯವರಿಗೆ ಮಳೆಗಾಲವೆಂಬುದು ಮುಗಿದುಹೋದ ಸಂಗತಿ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಬೆಳಗಿನ ಮಂಜು ಮತ್ತು ಮಧ್ಯಾಹ್ನದ ಒಣಬಿಸಿಲಿನ ಹೊರತು ಆಕಾಶದಿಂದ ನಾವು ಬೇರೇನನ್ನೂ ನಿರೀಕ್ಷಿಸುವುದಿಲ್ಲ. ಆದರೆ ನಮ್ಮಲ್ಲಿ ನಾಲ್ಕು ಹನಿ ಉದುರಿಸಿ ಹೋಗುವ ಇದೇ ಹಿಂಗಾರು ತಮಿಳುನಾಡಿನ ಕರಾವಳಿಗೆ ವರ್ಷದ ಮುಖ್ಯ ಮಳೆಗಾಲವಾಗಿದ್ದು, ಅಕ್ಟೋಬರಿನಲ್ಲಿ ಶುರುವಾದದ್ದು ಡಿಸೆಂಬರ್ ಕೊನೆಯವರೆಗೂ ಎಳೆಯಬಹುದು. 2023ರ ಡಿಸೆಂಬರ್ 17–18ರಂದು ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಣಂನಲ್ಲಿ ಒಂದೇ ದಿನದ ಅವಧಿಯಲ್ಲಿ ಸುಮಾರು 95 ಸೆಂಟಿಮೀಟರ್ ಮಳೆ ಸುರಿಯಿತು. ಧಾರವಾಡ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವ ವಾಡಿಕೆ ಮಳೆಯೂ ಅಷ್ಟಿಲ್ಲ. ಈ ಸಲದ ಚಳಿಗಾಲದ ರಜೆಗೆ ಕುಟುಂಬ ಸಮೇತ ಕಾರಿನಲ್ಲಿ ರಾಮೇಶ್ವರ ಮತ್ತು ಕನ್ಯಾಕುಮಾರಿಗೆ ಹೋಗುವುದೆಂದು ತೀರ್ಮಾನವಾದಾಗ ನಾನು ಮೊದಲು ಕೂತು ಯೋಚಿಸಿದ್ದು ಕಿಲೋಮೀಟರಿನ ಬಗ್ಗೆಯಲ್ಲ, ಈ ಮಳೆಯ ಬಗ್ಗೆ.

ರಾಮೇಶ್ವರವನ್ನು ಕೈಬಿಡುವ ಪ್ರಶ್ನೆಯಂತೂ ಇಲ್ಲ. ಅವ್ವ ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಅಂಗೈಯಗಲದ ತಾಮ್ರದ ಗಿಂಡಿ ದೇವರ ಜಗಲಿಯ ಮೇಲೆ ಕುಂಕುಮ ಹತ್ತಿಸಿಕೊಂಡು ಕೂತಿದೆ. ಅದರೊಳಗಿನ ಗಂಗೆ ರಾಮನಾಥಸ್ವಾಮಿಯ ಅಭಿಷೇಕಕ್ಕೆ ಸಲ್ಲಬೇಕು. “ಕಾಶಿಗೆ ಹೋಗಿ ಬಂದಾಕಿ ರಾಮೇಶ್ವರಕ್ಕ ಹೋಗಲಿಲ್ಲಂದ್ರ ಯಾತ್ರಿ ಅರ್ಧಕ್ಕ ನಿಂತಂಗ” ಎಂಬುದು ಅವಳ ಮಾತು. ಮಕ್ಕಳಿಗೆ ಬೇಕಿರುವುದು ಸಮುದ್ರ. ನನ್ನ ಹೆಂಡತಿಗೆ ಮಧುರೆಯ ಮೀನಾಕ್ಷಿ. ಅದೃಷ್ಟಕ್ಕೆ ಈ ಮೂರೂ ಒಂದು ತ್ರಿಕೋನದಲ್ಲಿ ಬರುತ್ತವೆ. ಮಧುರೆಯಿಂದ ರಾಮೇಶ್ವರ ಸುಮಾರು 170 ಕಿಲೋಮೀಟರ್, ಕನ್ಯಾಕುಮಾರಿ ಸುಮಾರು 245.

ಆದ್ದರಿಂದ ಮಧುರೆಯನ್ನೇ ಠಾಣ್ಯ ಮಾಡಿಕೊಳ್ಳುವುದೆಂದು ನಿರ್ಧರಿಸಿದ್ದೇನೆ. ಮಧುರೆ ಒಳನಾಡಿನ ಊರಾದ್ದರಿಂದ ಕರಾವಳಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೂ ಅಲ್ಲಿ ಒಂದು ದಿನ ಹೆಚ್ಚಿಗೆ ಉಳಿದು ನೋಡಬಹುದು. ಮೊದಲು ಪೂರ್ವಕ್ಕೋ ದಕ್ಷಿಣಕ್ಕೋ ಎಂಬುದನ್ನು ಹವಾಮಾನ ಇಲಾಖೆಯ ಅಂದಿನ ಮುನ್ಸೂಚನೆ ನೋಡಿಯೇ ತೀರ್ಮಾನಿಸಬಹುದು. ರಾಮೇಶ್ವರ ದ್ವೀಪವಾದ್ದರಿಂದ ಈ ಎಚ್ಚರ ಅತಿಯೆಂದು ನನಗೆ ಅನ್ನಿಸುವುದಿಲ್ಲ. 1988ರಲ್ಲಿ ತೆರೆದ ಪಾಂಬನ್ ರಸ್ತೆ ಸೇತುವೆಯೊಂದೇ ಕಾರಿಗೆ ದಾರಿ. ದ್ವೀಪದ ತುದಿಯ ಧನುಷ್ಕೋಟಿ ಚಂಡಮಾರುತಕ್ಕೆ ಸಿಕ್ಕು ಹಾಳಾದದ್ದೂ ಡಿಸೆಂಬರಿನಲ್ಲಿಯೇ. 1964ರ ಡಿಸೆಂಬರ್ 22ರ ಆ ರಾತ್ರಿ ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಂದಿಗೆ ಅಲೆಯ ಪಾಲಾಯಿತು. ಈಗ ಅಲ್ಲಿಯವರೆಗೆ ಒಳ್ಳೆಯ ರಸ್ತೆಯಿದೆ, ಹಗಲಿನಲ್ಲಿ ಹೋಗಿ ಬರುವವರು ಬಹಳ. ಆದರೂ ಗಾಳಿ ಎದ್ದ ದಿನ ಆ ತುದಿಗೆ ಮಕ್ಕಳನ್ನು ಕರೆದೊಯ್ಯುವವನು ನಾನಲ್ಲ. ಕನ್ಯಾಕುಮಾರಿಯಲ್ಲಿಯೂ ಸಮುದ್ರ ಏರಿದರೆ ವಿವೇಕಾನಂದ ಶಿಲೆಗೆ ಹೋಗುವ ದೋಣಿ ನಿಲ್ಲಿಸುತ್ತಾರೆ. ಶಿಲೆಯಿಂದ 133 ಅಡಿ ಎತ್ತರದ ತಿರುವಳ್ಳುವರ್ ಪ್ರತಿಮೆಗೆ 2024ರ ಡಿಸೆಂಬರ್ ಕೊನೆಯಲ್ಲಿ ತೆರೆದ ಗಾಜಿನ ಸೇತುವೆಯಿದೆಯೆಂದು ಮಕ್ಕಳು ಈಗಾಗಲೇ ಹಾರಾಡುತ್ತಿದ್ದಾರೆ. ದೋಣಿಯಿಲ್ಲದೆ ಸೇತುವೆಯೂ ಇಲ್ಲವೆಂಬುದನ್ನು ಅವರಿಗೆ ಸಾವಕಾಶ ಹೇಳಬೇಕು.

ದಾರಿಯ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾದವು. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಹುಳಿಯಾರು, ನಾಗಮಂಗಲದ ಮೇಲೆ ಮೈಸೂರು ಸೇರಿ, ಚಾಮರಾಜನಗರದಿಂದ ದಿಂಬಂ ಘಟ್ಟ ಇಳಿದರೆ ಬೆಂಗಳೂರಿನ ಗದ್ದಲವೇ ತಪ್ಪುತ್ತದೆ ಎಂಬುದು ಒಂದು ವಾದ. ದಾರಿ ಚೆಂದವೇ. ಆದರೆ ಸುಗ್ಗಿಯ ಕಾಲದಲ್ಲಿ ಆ ಕಡೆಯ ರಸ್ತೆಗಳಲ್ಲಿ ವಾಹನದ ಗಾಲಿಯಡಿ ಕಾಳು ಉದುರಲೆಂದು ರಾಗಿ, ಹುರುಳಿ ಹಾಸಿರುತ್ತಾರೆ. ಒಣ ಹುಲ್ಲಿನ ಮೇಲೆ ಗಾಲಿ ಜಾರುತ್ತದೆ, ಬಿಸಿಯಾದ ಸೈಲೆನ್ಸರಿಗೆ ಹುಲ್ಲು ಸುತ್ತಿಕೊಂಡರೆ ಬೆಂಕಿಯ ಭಯ ಬೇರೆ. ದಿಂಬಂನ 27 ಹೇರ್‌ಪಿನ್ ತಿರುವುಗಳನ್ನು ಅವ್ವನ ಹೊಟ್ಟೆ ತಡೆದುಕೊಳ್ಳುವುದಿಲ್ಲ. ಹೀಗಾಗಿ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ನಮ್ಮ ಹಳೆಯ ಪೂನಾ–ಬೆಂಗಳೂರು ರಸ್ತೆಯೇ ಗಟ್ಟಿಯಾಯಿತು. ಅಲ್ಲಿಂದ ಬೆಂಗಳೂರಿನ ಹೊರವಲಯದ ನೈಸ್ ಟೋಲ್ ರಸ್ತೆ ಹಿಡಿದು ಊರೊಳಗೆ ಹೋಗದೆಯೇ ಹೊಸೂರು ಮುಟ್ಟಿ ಮೊದಲ ರಾತ್ರಿ ಕಳೆಯುವುದು, ಮರುದಿನ ಕೃಷ್ಣಗಿರಿ, ಸೇಲಂ, ದಿಂಡಿಗಲ್ ದಾಟಿ ಸಂಜೆಗೆ ಮಧುರೆ. ಧರ್ಮಪುರಿ ದಾಟಿದ ಮೇಲೆ ಬರುವ ತೊಪ್ಪೂರು ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪಿದ ಲಾರಿಗಳ ಅಪಘಾತಗಳು ಮೇಲಿಂದ ಮೇಲೆ ಆಗುವುದರಿಂದ ಅಲ್ಲಿ ಸಣ್ಣ ಗೇರಿನಲ್ಲಿ, ಲಾರಿಗಳಿಗೆ ದೂರವಿಟ್ಟು ಇಳಿಯಬೇಕು.

ಕತ್ತಲಲ್ಲಿ ಕಾರು ಓಡಿಸುವುದಿಲ್ಲವೆಂಬುದು ನನ್ನ ಒಂದೇ ಹಟ. ನಸುಕಿನ ನಾಲ್ಕಕ್ಕೇ ಹೊರಡುವುದು ನಮ್ಮ ಕಡೆಯ ಪದ್ಧತಿಯಾದರೂ, ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಮಂಜಿನಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಗುಡಿಗಳ ವೇಳೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಆ ಕಡೆ ದೊಡ್ಡ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕಿದರೆ ತೆರೆಯುವುದು ಇಳಿಹೊತ್ತಿಗೇ. ರಾಮೇಶ್ವರದ 22 ತೀರ್ಥಗಳ ಸ್ನಾನ ಮುಗಿಸಿ, ಒದ್ದೆ ಬಟ್ಟೆ ಬದಲಿಸಿ ದರ್ಶನಕ್ಕೆ ನಿಲ್ಲಬೇಕಾದ್ದರಿಂದ ಹಿಂದಿನ ರಾತ್ರಿಯೇ ಅಲ್ಲಿ ತಂಗುವುದು ಅನಿವಾರ್ಯ.

ಖರ್ಚಿನಲ್ಲಿ ಹೇಳಬೇಕಾದದ್ದು ಟೋಲ್ ಒಂದೇ. 2025ರ ಆಗಸ್ಟ್ 15ರಿಂದ, ಆಗ 3,000 ರೂಪಾಯಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 200 ಸಲ ದಾಟುವವರೆಗೆ ಅಥವಾ ಒಂದು ವರ್ಷದವರೆಗೆ ನಡೆಯುತ್ತದೆ. ನೈಸ್‌ನಂಥ ರಸ್ತೆಗಳಿಗೆ ಅದು ಲಾಗೂ ಆಗುವುದಿಲ್ಲವಾದರೂ ಹೋಗಿ ಬರುವ ಇಷ್ಟು ಉದ್ದದ ದಾರಿಗೆ ಪಾಸ್ ಮಾಡಿಸುವುದೇ ಮೇಲು.

ಬುತ್ತಿಯ ವ್ಯವಸ್ಥೆ ಅವ್ವನದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಾದಲಿ, ಇವೆಲ್ಲ ಕೆಡದೆ ಉಳಿಯುವಂಥವು. ಒಣ ಹವೆಯಲ್ಲಿ ವಾರಗಟ್ಟಲೆ ಗರಿಗರಿ ಇರುವ ರೊಟ್ಟಿ ಕರಾವಳಿಯ ಗಾಳಿಗೆ ಮೆತ್ತಗಾಗುವುದರಿಂದ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕೆಂದು ಅವಳಿಗೆ ಹೇಳಿದ್ದೇನೆ. ಬಿಳಿ ಬಟ್ಟೆಯಲ್ಲಿ ಕಟ್ಟುವುದೇ ಸರಿಯೆಂದು ಅವಳು ಪಟ್ಟು ಹಿಡಿದಿದ್ದಾಳೆ.

ಉಳಿದಿರುವುದು ತಾರೀಖು. ಕ್ರಿಸ್‌ಮಸ್ ರಜೆಗೆ ಹೊರಟರೆ ಮಳೆಯ ಸಂಶಯ, ಜೊತೆಗೆ ಶಬರಿಮಲೆಯ ಮಂಡಲ ಪೂಜೆ ಮುಗಿಸಿ ಕನ್ಯಾಕುಮಾರಿಗೆ ಇಳಿಯುವ ಮಾಲಾಧಾರಿಗಳ ದಟ್ಟಣೆಯಲ್ಲಿ ಕೋಣೆ ಸಿಗುವುದು ಕಷ್ಟ. ಜನವರಿ ಮಧ್ಯಕ್ಕೆ ತಳ್ಳಿದರೆ ಪೊಂಗಲ್ಲಿಗೆ ಊರಿಗೆ ಹೊರಟ ಜನರಿಂದ ಸೇಲಂ–ಮಧುರೆ ರಸ್ತೆ ತುಂಬಿರುತ್ತದೆ. ಇವೆರಡರ ನಡುವೆ, ಹೊಸ ವರ್ಷದ ಗದ್ದಲ ಇಳಿದ ಮೇಲಿನ ಜನವರಿಯ ಮೊದಲ ವಾರವೇ ನನಗೆ ಸರಿ ಕಾಣುತ್ತದೆ. ಮಕ್ಕಳ ಶಾಲೆಗೆ ರಜಾ ಚೀಟಿ ಬರೆದಿಟ್ಟಿದ್ದೇನೆ. ಮಧುರೆಯ ಕೋಣೆಯನ್ನು ಮಾತ್ರ, ಮುಂಗಡ ಕಳೆದುಕೊಳ್ಳದೆ ದಿನ ಬದಲಿಸಲು ಒಪ್ಪುವವರಲ್ಲಿಯೇ ಹಿಡಿಯುವುದೆಂದು ನಿಶ್ಚಯಿಸಿದ್ದೇವೆ.