ಅಮ್ಮನ ಜೊತೆ ಲಕ್ಸೆಂಬರ್ಗ್‌ನಲ್ಲಿ ಒಂದು ಶನಿವಾರ

ನಮ್ಮಮ್ಮ ಚಿತ್ರದುರ್ಗದವಳು. ಮದುವೆಗೆ ಮುಂಚೆ ಏಳುಸುತ್ತಿನ ಕೋಟೆ ಹತ್ತಿ ಇಳಿಯೋದು ಅವಳಿಗೆ ಲೆಕ್ಕವೇ ಇರಲಿಲ್ಲವಂತೆ. ಈಗ ಎರಡೂ ಮೊಣಕಾಲು ಸವೆದಿವೆ. ಸಂಡಿಗೆ ಒಣಗಿಸಲು ಮಹಡಿ ಹತ್ತುವುದನ್ನೂ ಬಿಟ್ಟಿದ್ದಾಳೆ. ಹಾಗಾಗಿ ಅವಳು ಜರ್ಮನಿಯ ಟ್ರಿಯರ್‌ನಲ್ಲಿರುವ ನಮ್ಮ ಮನೆಗೆ ಬಂದಾಗ, ಪಕ್ಕದ ಪುಟ್ಟ ದೇಶ ಲಕ್ಸೆಂಬರ್ಗ್‌ನ ಅದೇ ಹೆಸರಿನ ರಾಜಧಾನಿಗೆ ಕರೆದುಕೊಂಡು ಹೋಗೋದೋ ಬೇಡವೋ ಅಂತ ಬಹಳ ಯೋಚಿಸಿದೆ. ರೈಲಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೇ. ಆದರೆ ಆ ಊರು ಅರ್ಧ ಬಂಡೆಯ ಮೇಲಿದೆ, ಅರ್ಧ ಕಣಿವೆಯ ಕೆಳಗಿದೆ. ಹತ್ತದೆ ಇಳಿಯದೆ ನೋಡುವುದು ಹೇಗೆ?

"ಕೋಟೆ ಇದೆಯಾ ಅಲ್ಲಿ?" ಅಂತ ಕೇಳಿದಳು. ಇದೆ ಅಂದೆ. "ಹಾಗಾದ್ರೆ ನಡಿ" ಅಂದಳು.

ಶನಿವಾರ ಬೆಳಿಗ್ಗೆ ಹೊರಟೆವು. ಅಮ್ಮನಿಗೆ ಶನಿವಾರ ಒಪ್ಪತ್ತು. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ನಾಲ್ಕು ಬಾಳೆಹಣ್ಣು ಇಟ್ಟುಕೊಂಡಳು. ವಾಸರ್‌ಬಿಲ್ಲಿಗ್ ಅನ್ನುವ ಊರಿನಲ್ಲಿ ರೈಲು ಗಡಿ ದಾಟಿತು. ಪಾಸ್‌ಪೋರ್ಟ್ ಕೇಳಲು ಯಾರೂ ಬರಲಿಲ್ಲ. ಯುರೋಪಿನೊಳಗೆ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದದ್ದು ಇದೇ ದೇಶದ ಶೆಂಗೆನ್ ಅನ್ನುವ ಹಳ್ಳಿಯಲ್ಲಿ, ಮೊಸೆಲ್ ನದಿಯ ಮೇಲೆ ನಿಂತಿದ್ದ ಒಂದು ಹಡಗಿನಲ್ಲಿ. ಅಮ್ಮನ ಪಾಸ್‌ಪೋರ್ಟ್‌ನಲ್ಲಿದ್ದ ವೀಸಾದ ಮೇಲೂ ಅದೇ ಹಳ್ಳಿಯ ಹೆಸರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು.

ಸ್ಟೇಷನ್ ಮುಂದೆಯೇ ಟ್ರಾಮ್ ಹತ್ತಿದೆವು. ಅಮ್ಮನಿಗೆ ಗಾಬರಿ. "ಟಿಕೆಟ್ ತಗೊಳ್ಳಲಿಲ್ವಲ್ಲೇ!" ಈ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮ್, ರೈಲು ಎಲ್ಲವೂ ಎಲ್ಲರಿಗೂ ಉಚಿತ. ಇಡೀ ದೇಶದಲ್ಲಿ ಹೀಗೆ ಮಾಡಿದ್ದು ಜಗತ್ತಿನಲ್ಲಿ ಇವರೇ ಮೊದಲು. ಅಲ್ಲಿಯವರಿಗೆ ಮಾತ್ರ ಅಲ್ಲ, ನಮ್ಮಂಥ ಪ್ರವಾಸಿಗರಿಗೂ ಅಷ್ಟೇ. ರೈಲಿನ ಫಸ್ಟ್ ಕ್ಲಾಸ್‌ಗೆ ಮಾತ್ರ ದುಡ್ಡು. ವಿವರಿಸಿ ಹೇಳಿದರೂ ಅವಳಿಗೆ ಸಮಾಧಾನ ಇಲ್ಲ. "ನಮ್ಮಲ್ಲಿ ಶಕ್ತಿ ಯೋಜನೆಗೂ ಶೂನ್ಯ ಟಿಕೆಟ್ ಅಂತ ಹರಿದು ಕೊಡ್ತಾರೆ. ಇಲ್ಲಿ ಅದೂ ಇಲ್ವಾ?" ಅಂದಳು. ಕೈಯಲ್ಲಿ ಒಂದು ಚೀಟಿ ಇಲ್ಲದೆ ಕೂತಿರುವುದು ಅವಳಿಗೆ ಸರಿಬರಲಿಲ್ಲ. ಅಡಾಲ್ಫ್ ಸೇತುವೆ ಬಂದಾಗ ಅದೆಲ್ಲ ಮರೆತಳು. 1903ರಲ್ಲಿ ಮುಗಿದ ಕಲ್ಲಿನ ಸೇತುವೆ ಅದು. ಎರಡೂ ಕಡೆ ಕಣಿವೆ, ಕೆಳಗೆ ಹಸಿರೋ ಹಸಿರು.

ಲಕ್ಸೆಂಬರ್ಗ್ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಚಿತ್ರದುರ್ಗ ಜಿಲ್ಲೆಯ ಮೂರನೇ ಒಂದು ಭಾಗವೂ ಇಲ್ಲ. ಆದರೂ ಇವರಿಗೆ ಸ್ವಂತ ಭಾಷೆ ಇದೆ, ಲಕ್ಸೆಂಬರ್ಗಿಷ್. 1984ರಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರಭಾಷೆ ಅಂತ ಘೋಷಿಸಿದರು. ಒಂದು ಕಡೆ ಫ್ರೆಂಚ್, ಇನ್ನೊಂದು ಕಡೆ ಜರ್ಮನ್, ನಡುವೆ ಇಷ್ಟೇ ಜನ ತಮ್ಮ ಮಾತನ್ನು ಉಳಿಸಿಕೊಂಡಿದ್ದಾರೆ ಅಂದರೆ ನನಗೆ ಬಹಳ ಅಭಿಮಾನ. ಅಮ್ಮನಿಗೆ ಒಂದೇ ಪದ ಕಲಿಸಿದೆ, "ಮೊಯೆನ್". ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವಾಗ ಬೇಕಾದರೂ ಹೇಳಬಹುದಾದ ನಮಸ್ಕಾರ. ಆಮೇಲೆ ಅವಳು ಸಿಕ್ಕವರಿಗೆಲ್ಲ ಮೊಯೆನ್ ಹೇಳಿದಳು. ಎಲ್ಲರೂ ತಿರುಗಿ ಹೇಳಿದರು.

ಕಾರ್ನಿಶ್ ಅನ್ನುವ ಕೋಟೆಗೋಡೆಯ ದಾರಿಗೆ ಬಂದೆವು. ಇದನ್ನು ಯುರೋಪಿನ ಅತಿ ಸುಂದರ ಬಾಲ್ಕನಿ ಅಂತಾರೆ. ಸುಮ್ನೆ ಹೇಳುವ ಮಾತಲ್ಲ. ಕೆಳಗೆ ಆಲ್ಜೆಟ್ ನದಿ, ದಂಡೆಯಲ್ಲಿ ಹಳೇ ಮಠ, ಕಪ್ಪು ಚಾವಣಿಯ ಮನೆಗಳು, ಹಿತ್ತಲಲ್ಲಿ ತರಕಾರಿ ಮಡಿ. ಎದುರಿಗೆ ಬಾಕ್ ಬಂಡೆ. 963ರಲ್ಲಿ ಜೀಗ್‌ಫ್ರೀಡ್ ಅನ್ನುವ ಪಾಳೇಗಾರ ಟ್ರಿಯರ್‌ನ ಒಂದು ಮಠಕ್ಕೆ ತನ್ನ ಜಮೀನು ಕೊಟ್ಟು, ಬದಲಿಗೆ ಈ ಬಂಡೆಯನ್ನು ಪಡೆದ. ಅಲ್ಲಿದ್ದ ಕೋಟೆಯ ಹೆಸರಿನ ಅರ್ಥವೇ 'ಚಿಕ್ಕ ಕೋಟೆ'. ಅದೇ ಮುಂದೆ ದೇಶದ ಹೆಸರಾಯಿತು.

ಬಂಡೆಯ ಹೊಟ್ಟೆಯೊಳಗೆ ಸುರಂಗಗಳಿವೆ, ಕೇಸ್‌ಮೇಟ್ ಅಂತಾರೆ. ಕಡಿದಾದ ಸುತ್ತು ಮೆಟ್ಟಿಲು. ಅಮ್ಮ ಬೆಂಚಿನ ಮೇಲೆ ಕೂತಳು, ನಾನೊಬ್ಬಳೇ ಇಳಿದೆ. ಒಳಗೆ ತಣ್ಣಗೆ, ಗೋಡೆ ಮುಟ್ಟಿದರೆ ಅಂಗೈ ಒದ್ದೆ. 1644ರಲ್ಲಿ ಸ್ಪೇನಿನವರು ಊರಿನ ಕೆಳಗೆ ಇಂಥ ಸುರಂಗ ಕೊರೆಯಲು ಶುರುಮಾಡಿದರು, ಆಮೇಲೆ ಬಂದವರು ಮುಂದುವರಿಸಿದರು. ಒಟ್ಟು 23 ಕಿಲೋಮೀಟರ್ ಆಯಿತು. 1867ರ ಲಂಡನ್ ಒಪ್ಪಂದದಂತೆ ಕೋಟೆ ಒಡೆಯಬೇಕಾಯಿತು. ಆದರೆ ಸುರಂಗ ಪೂರ್ತಿ ಒಡೆದರೆ ಮೇಲಿನ ಊರೇ ಕುಸಿಯುತ್ತಿತ್ತು. ಹಾಗಾಗಿ 17 ಕಿಲೋಮೀಟರ್ ಉಳಿಯಿತು. ಮಹಾಯುದ್ಧಗಳ ಕಾಲದಲ್ಲಿ 35,000 ಜನ ಇಲ್ಲಿ ಅಡಗಿ ಜೀವ ಉಳಿಸಿಕೊಳ್ಳಬಹುದಿತ್ತು. ಒಂದು ತೋಪಿನ ಕಿಂಡಿಯಲ್ಲಿ ಇಣುಕಿದೆ. ಓಬವ್ವನ ಕಿಂಡಿ ನೆನಪಾಯಿತು. ಫೋಟೋ ತೆಗೆದು ಮೇಲೆ ಹೋಗಿ ತೋರಿಸಿದೆ. "ಇಷ್ಟು ದೊಡ್ಡ ಕಿಂಡಿನಾ? ನಮ್ಮದರಲ್ಲಿ ಒಬ್ಬರು ತೂರೋದೇ ಕಷ್ಟ" ಅಂದಳು.

ಕಣಿವೆಯ ಗ್ರುಂಡ್ ಬೀದಿಗೆ ಇಳಿಯಲು ಬಂಡೆ ಕೊರೆದು ಮಾಡಿದ ಲಿಫ್ಟ್ ಇದೆ. ಅದಕ್ಕೂ ದುಡ್ಡಿಲ್ಲ. ಕೆಳಗೆ ನದಿಯ ಪಕ್ಕ ಮೆಲುಸಿನಾ ಅನ್ನುವ ಮತ್ಸ್ಯಕನ್ಯೆಯ ವಿಗ್ರಹ. ಅಲ್ಲೇ ಡಬ್ಬಿ ಬಿಚ್ಚಿದೆವು. ತಿನ್ನುತ್ತಾ ಕಥೆ ಹೇಳಿದೆ. ಮೆಲುಸಿನಾ ಜೀಗ್‌ಫ್ರೀಡನ ಹೆಂಡತಿ. ವಾರಕ್ಕೊಂದು ದಿನ ತನ್ನನ್ನು ಒಬ್ಬಳೇ ಬಿಡಬೇಕು, ಏನೂ ಕೇಳಬಾರದು ಅಂತ ಮಾತು ತೆಗೆದುಕೊಂಡಿದ್ದಳು. ಅವನು ತಡೆಯಲಾರದೆ ಬೀಗದ ಕಿಂಡಿಯಿಂದ ನೋಡಿಯೇಬಿಟ್ಟ. ಸ್ನಾನದ ತೊಟ್ಟಿಯಲ್ಲಿ ಮೀನಿನ ಬಾಲ! ಅವಳು ಆಲ್ಜೆಟ್‌ಗೆ ಹಾರಿ ಮಾಯವಾದಳು.

"ಇದು ಶಂತನು, ಗಂಗೆ ಕಥೆ ಅಲ್ವಾ?" ಅಂದಳು ಅಮ್ಮ. "ಮಾತು ಮುರಿದರೆ ಗಂಗೆ ನಿಲ್ತಾಳಾ?" ಮೆಲುಸಿನಾ ಒಬ್ಬಳೇ ಇರುತ್ತಿದ್ದ ಆ ದಿನ ಯಾವ ವಾರ ಅಂತ ಕೇಳಿದಳು. ಶನಿವಾರ ಅಂದೆ. ಅವಲಕ್ಕಿ ಕೈಯಲ್ಲೇ ಉಳಿಯಿತು. ತಿರುಗಿ ವಿಗ್ರಹವನ್ನು ಬಹಳ ಹೊತ್ತು ನೋಡಿದಳು.

ವಿಯಾಂಡೆನ್ ಕೋಟೆಗೂ ಹೋಗುವ ಆಸೆಯಿತ್ತು, ಹೊತ್ತು ಸಾಲಲಿಲ್ಲ. ಬದಲಿಗೆ ಪ್ಫಾಫೆನ್‌ಥಾಲ್‌ಗೆ ಹೋದೆವು. ಕಣಿವೆಯ ಆ ಬೀದಿಯಿಂದ ಮೇಲಿನ ಊರಿಗೆ 2016ರಲ್ಲಿ ಗಾಜಿನ ಲಿಫ್ಟ್ ಕಟ್ಟಿದ್ದಾರೆ. ಸುಮಾರು 70 ಮೀಟರ್ ಎತ್ತರ. ಪ್ರವಾಸಿಗರ ಆಟಿಕೆ ಅಲ್ಲ ಅದು, ಕಣಿವೆಯ ಜನರ ದಿನನಿತ್ಯದ ದಾರಿ. ನಮ್ಮ ಜೊತೆ ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ಬಂದ, ಒಬ್ಬ ಅಜ್ಜಿ ಈರುಳ್ಳಿ ಸೊಪ್ಪು ಇಣುಕುವ ಚೀಲ ಹಿಡಿದು ಬಂದರು. ಅಮ್ಮ ಮೊಯೆನ್ ಅಂದಳು. ಲಿಫ್ಟ್ ಏರಿತು. ಚಾವಣಿಗಳು ಕಾಲಕೆಳಗೆ ಹೋದವು. ನದಿ, ರೈಲು ಸೇತುವೆ, ಕೋಟೆಯ ಗೋಡೆ, ಎಲ್ಲ ಒಟ್ಟಿಗೆ ಕಂಡಿತು. ಅಮ್ಮ ಸೆರಗು ಬಿಗಿಯಾಗಿ ಹಿಡಿದು ಗಾಜಿಗೆ ಹಣೆ ತಾಗಿಸಿ ನಿಂತಿದ್ದಳು.

ಮೇಲೆ ಇಳಿದ ಮೇಲೆ "ಇನ್ನೊಂದ್ಸಲ ಹೋಗೋಣ್ವಾ?" ಅಂದಳು. ಹೋದೆವು. ಮತ್ತೆ ಬಂದೆವು. ಮತ್ತೆ ಹೋದೆವು.

ಮೂರನೇ ಸಲ ಮೇಲೆ ಬಂದಾಗ ತುದಿಯ ಗಾಜಿನ ನೆಲದ ಹತ್ತಿರ ಹೋದಳು. "ಒಡೆಯಲ್ವಾ?" ಅಂದಳು. ಇಲ್ಲ ಅಂದೆ. ನನ್ನ ತೋಳು ಹಿಡಿದು ಬಲಗಾಲು ಇಟ್ಟಳು. ಆಮೇಲೆ ಎಡಗಾಲು. ಆಮೇಲೆ ನನ್ನ ತೋಳು ಬಿಟ್ಟಳು.