ಮಳೆಗಾಲದ ಆಗಸ್ಟ್ 15: ಶಿರಸಿಯ ಕೆರೆದಂಡೆಯಿಂದ ಅಂಕೋಲೆಯ ಕಡಲವರೆಗೆ

ಸ್ವಾತಂತ್ರ್ಯ ದಿನದ ರಜೆ ವಾರಾಂತ್ಯಕ್ಕೆ ಹೊಂದಿಕೊಂಡು ಬಂದ ವರ್ಷ ಬೆಂಗಳೂರು, ಹುಬ್ಬಳ್ಳಿಗಳ ಕಡೆಯಿಂದ ಹೊರಡುವ ವಾಹನಗಳಲ್ಲಿ ಬಹುಪಾಲು ಜೋಗಕ್ಕೋ ಗೋಕರ್ಣದ ಕಡಲತೀರಕ್ಕೋ ಹೋಗಿ ಸೇರುತ್ತವೆ. ಉತ್ತರ ಕನ್ನಡಕ್ಕೆ ಆ ದಿನಗಳಲ್ಲಿ ಬರುವವರಿಗೆ ನಾನು ಬೇರೆಯದೇ ದಾರಿಯನ್ನು ಸೂಚಿಸುತ್ತೇನೆ. ಜಲಪಾತಗಳ ಜನಜಂಗುಳಿಯನ್ನು ಬಿಟ್ಟು, ಕೆರೆಯ ಸುತ್ತ ಬೆಳೆದ ಸಣ್ಣ ಊರುಗಳಲ್ಲಿ ಹಬ್ಬವನ್ನು ಕಳೆಯಿರಿ. ಶಿರಸಿಯಲ್ಲಿ ಧ್ವಜಾರೋಹಣ ಮುಗಿಸಿ, ಯಲ್ಲಾಪುರದ ಮೇಲೆ ಘಟ್ಟವಿಳಿದು, ಅಂಕೋಲೆ ಮತ್ತು ಗೋಕರ್ಣಗಳನ್ನು ನೋಡಿಕೊಂಡು ಕಾರವಾರದಿಂದ ಮರಳಿರಿ. ಈ ಊರುಗಳ ರೈತರು ಸ್ವಾತಂತ್ರ್ಯಕ್ಕಾಗಿ ಮನೆ, ಜಮೀನುಗಳನ್ನೇ ಕಳೆದುಕೊಂಡವರು. ಈ ನಾಡಿನಲ್ಲಿ ಆ ದಿನವನ್ನು ಬರಿಯ ರಜೆಯೆಂದು ಕಳೆಯುವುದು ನನಗೆ ಸರಿಯೆನಿಸುವುದಿಲ್ಲ.

14ರ ಹಗಲಿಗೇ ಶಿರಸಿಯಲ್ಲಿರುವಂತೆ ಹೊರಡಬೇಕು. ಬೆಂಗಳೂರಿನಿಂದ ಶಿರಸಿಗೆ ರಾತ್ರಿ ಬಸ್ಸುಗಳಿವೆ. ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದರೆ ಅಲ್ಲಿಂದ ಶಿರಸಿ ಸುಮಾರು ನೂರು ಕಿಲೋಮೀಟರ್. ರಾಷ್ಟ್ರಧ್ವಜಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸುವ ಖಾದಿ ಕೇಂದ್ರವು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವುದರಿಂದ, ಮನೆಗೊಂದು ಖಾದಿಯ ಬಾವುಟ ಬೇಕೆನ್ನುವವರು ಅದನ್ನು ಅಲ್ಲಿಂದಲೇ ಕೊಂಡು ತರಬಹುದು. ಮಳೆಯಲ್ಲಿ ಒದ್ದೆಯಾಗಿ ಗಟಾರ ಸೇರುವ ಪ್ಲಾಸ್ಟಿಕ್ ಬಾವುಟಗಳನ್ನು ಮಕ್ಕಳ ಕೈಗೆ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಶಿರಸಿಯಲ್ಲಿ ಉಳಿಯುವವರು ಪೇಟೆಯ ನಡುವಿನ ದೇವಿಕೆರೆಯ ಆಸುಪಾಸಿನಲ್ಲಿ ಕೋಣೆ ಹಿಡಿದರೆ ಎಲ್ಲವೂ ಕಾಲ್ನಡಿಗೆಗೆ ಸಿಗುತ್ತದೆ. ಮಾರಿಕಾಂಬೆಯ ವಿಗ್ರಹ ದೊರೆತದ್ದು ಈ ಕೆರೆಯಲ್ಲೇ ಎಂಬುದು ಊರಿನ ನಂಬಿಕೆ. ಕೋಟೆಕೆರೆಯ ದಂಡೆ ಸಂಜೆಯ ನಡಿಗೆಗೆ ಇನ್ನಷ್ಟು ಹಿತವಾದದ್ದು. ಮಳೆ ಹೊಳವಾದ ಅರ್ಧ ಗಂಟೆಯಲ್ಲಿಯೇ ಊರಿನವರು ಕೊಡೆ ಮಡಚಿಕೊಂಡು ಅಲ್ಲಿಗೆ ಬಂದುಬಿಡುತ್ತಾರೆ. ಆಗಸ್ಟ್ ತಿಂಗಳಲ್ಲಿ ಎರಡೂ ಕೆರೆಗಳು ತುಂಬಿರುತ್ತವೆ. ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುವುದರಿಂದ ಮಕ್ಕಳನ್ನೂ ವಯಸ್ಸಾದವರನ್ನೂ ನೀರಿನ ಅಂಚಿಗೆ ಇಳಿಸದೆ ಮೇಲಿನಿಂದಲೇ ತೋರಿಸುವುದು ಕ್ಷೇಮ.

15ರ ಬೆಳಗ್ಗೆ ತಾಲ್ಲೂಕು ಮಟ್ಟದ ಸಮಾರಂಭಕ್ಕೆ ಹೋಗುವುದಕ್ಕೆ ಮುನ್ನ, ಪೇಟೆಯಿಂದ ಸ್ವಲ್ಪ ಹೊರಗಿರುವ ಯಾವುದಾದರೊಂದು ಸರಕಾರಿ ಪ್ರಾಥಮಿಕ ಶಾಲೆಯ ಧ್ವಜಾರೋಹಣವನ್ನು ನೋಡಬೇಕೆಂಬುದು ನನ್ನ ಒತ್ತಾಯದ ಸಲಹೆ. ಹಿಂದಿನ ದಿನವೇ ಮುಖ್ಯಾಧ್ಯಾಪಕರನ್ನು ಕಂಡು ಕೇಳಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ನಾವು ಹೋದ ಶಾಲೆಯಲ್ಲಿ ಗುರುಗಳು ಬಾವುಟವನ್ನು ಮಡಚುವಾಗ ಅದರೊಳಗೆ ದಾಸವಾಳ ಮತ್ತು ಗೊಂಡೆಯ ಎಸಳುಗಳನ್ನು ಇಟ್ಟಿದ್ದರು. ರಾತ್ರಿಯಿಡೀ ನೆನೆದ ಹಗ್ಗ ರಾಟೆಯಲ್ಲಿ ಬಿಗಿದುಕೊಂಡಿದ್ದರಿಂದ ಗಂಟು ಒಂದೇ ಎಳೆತಕ್ಕೆ ಬಿಚ್ಚಲಿಲ್ಲ. ಸಾಲಿನಲ್ಲಿ ನಿಂತಿದ್ದ ಏಳನೆಯ ತರಗತಿಯ ಹುಡುಗನೊಬ್ಬ ಯಾರೂ ಹೇಳದೆಯೇ ಮುಂದೆ ಬಂದು ಹಗ್ಗವನ್ನು ಎರಡು ಬಾರಿ ಸಡಿಲಿಸಿ ಕೊಟ್ಟ. ಬಾವುಟ ಬಿಚ್ಚಿಕೊಂಡಾಗ ಕೆಲವು ಎಸಳುಗಳು ಕೆಳಗೆ ಬಿದ್ದವು, ಉಳಿದವು ಒದ್ದೆ ಬಟ್ಟೆಗೆ ಅಂಟಿಕೊಂಡೇ ಮೇಲೆ ಹೋದವು. ಪ್ರಭಾತಫೇರಿಯ ಮಕ್ಕಳು ಕೊಡೆಗಳ ಕೆಳಗೆ ಘೋಷಣೆ ಕೂಗುತ್ತ ಊರು ಸುತ್ತಿ ಬಂದ ಮೇಲೆ ಎಲ್ಲರಿಗೂ ಲಾಡು ಹಂಚಿದರು. ಅಂಥ ಶಾಲೆಗೆ ಹೋಗುವವರು ಸಿಹಿಯ ಜೊತೆಗೆ ಒಂದಷ್ಟು ನೋಟುಪುಸ್ತಕಗಳನ್ನೂ ಕೊಂಡೊಯ್ದರೆ ಒಳ್ಳೆಯದು. ಆದರೆ ಮಕ್ಕಳ ಫೋಟೋ ತೆಗೆಯುವ ಮುನ್ನ ಗುರುಗಳನ್ನು ಕೇಳಲೇಬೇಕು.

ಊಟ-ತಿಂಡಿಯ ವಿಷಯದಲ್ಲಿ ಶ್ರಾವಣದ ಮಲೆನಾಡು ಯಾರಿಗೂ ನಿರಾಸೆ ಮಾಡುವುದಿಲ್ಲ. ಕೆಸುವಿನ ಪತ್ರೊಡೆ, ಕಳಲೆಯ ಪಲ್ಯ, ಬಗೆಬಗೆಯ ತಂಬುಳಿಗಳು ಹೋಟೆಲಿಗಿಂತ ಮನೆಯೂಟ ಕೊಡುವ ಹೋಮ್‌ಸ್ಟೇಗಳಲ್ಲಿ ಚೆನ್ನಾಗಿ ಸಿಗುತ್ತವೆ, ಆದರೆ ಒಂದು ದಿನ ಮೊದಲೇ ಹೇಳಿಡಬೇಕು. ಶಿರಸಿಯಿಂದ ಮನೆಗೆ ಒಯ್ಯುವುದಾದರೆ ತೊಡದೇವು ಒಯ್ಯಿರಿ. ಬೋರಲು ಹಾಕಿ ಕಾಯಿಸಿದ ಮಣ್ಣಿನ ಗಡಿಗೆಯ ಮೇಲೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಗರಿಗರಿಯಾಗುವುದರೊಳಗೆ ಮಡಚಿ ತೆಗೆಯುವ ಈ ತಿಂಡಿ ಮಳೆಗಾಲದ ತೇವಕ್ಕೆ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯೊಂದನ್ನು ಜೊತೆಗೆ ತಂದಿರಬೇಕು.

ಸಮಾರಂಭ ಮುಗಿದ ಮೇಲೆ ಎರಡು ದಾರಿಗಳಿವೆ. ಸಿದ್ದಾಪುರದ ಕಡೆಗೆ ಹೋಗುವವರು ಜೋಗದ ಸಮೀಪದ ಮಾವಿನಗುಂಡಿಯಲ್ಲಿ ಇಳಿದು ಅಲ್ಲಿನ ಸ್ಮಾರಕವನ್ನು ನೋಡಬೇಕು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರ ಮುಂತಾದ ತಾಲ್ಲೂಕುಗಳ ರೈತರು ಕರನಿರಾಕರಣೆ ಚಳವಳಿ ನಡೆಸಿದರು. ಕಂದಾಯ ಕಟ್ಟದವರ ಜಮೀನುಗಳನ್ನು ಸರಕಾರ ಜಪ್ತಿ ಮಾಡಿ ಹರಾಜು ಹಾಕಿದಾಗ, ಹಾಗೆ ಮಾರಾಟವಾದ ಆಸ್ತಿಯನ್ನು ಕೊಂಡವರ ಮನೆಬಾಗಿಲಿನಲ್ಲಿ ಕುಳಿತು ಉಪವಾಸ ಮಾಡಿದವರು ಈ ಸೀಮೆಯ ಹೆಂಗಸರು. ಎಲ್ಲರೂ ಜಲಪಾತದ ಅವಸರದಲ್ಲಿ ಆ ದಾರಿಯನ್ನು ದಾಟಿಹೋಗುತ್ತಾರೆ. ಹದಿನೈದು ನಿಮಿಷ ನಿಂತು, ಇಲ್ಲಿ ಏನು ನಡೆಯಿತೆಂದು ಮಕ್ಕಳಿಗೆ ಹೇಳಿ ಮುಂದೆ ಹೋದರೆ ಆ ದಿನಕ್ಕೊಂದು ಅರ್ಥ ಬರುತ್ತದೆ. ಜೋಗಕ್ಕೆ ಮಾತ್ರ 15ರಂದು ಹೋಗದಿರುವುದೇ ಲೇಸು. ವಾಹನಗಳ ಸಾಲಿನಲ್ಲೇ ಅರ್ಧ ದಿನ ಹೋಗುತ್ತದೆ, ಮಂಜು ಕವಿದಿದ್ದರೆ ಜಲಪಾತವೂ ಕಾಣಿಸುವುದಿಲ್ಲ.

ನಾನು ಹೆಚ್ಚು ಇಷ್ಟಪಡುವುದು ಯಲ್ಲಾಪುರದ ದಾರಿಯನ್ನು. ಶಿರಸಿಯಿಂದ ಸುಮಾರು 50 ಕಿಲೋಮೀಟರ್ ದೂರದ ಯಲ್ಲಾಪುರ ತಲುಪಿ, ಮಾಗೋಡು ಜಲಪಾತದ ಕಡೆಗೆ ಹೊರಳಿದರೆ ಕಾಡಿನ ನಡುವೆ ಕವಡಿಕೆರೆ ಸಿಗುತ್ತದೆ. ದಂಡೆಯಲ್ಲೊಂದು ದೇವಿಯ ಗುಡಿ, ಸುತ್ತಲೂ ಮರಗಳು, ಮುಂದೆ ವಿಶಾಲವಾದ ನೀರು. ಅಂಗಡಿಗಳ ಗದ್ದಲವಿಲ್ಲದಿರುವುದೇ ಇದರ ಸೊಗಸಾದ್ದರಿಂದ, ಬುತ್ತಿಯನ್ನೂ ಕುಡಿಯುವ ನೀರನ್ನೂ ಯಲ್ಲಾಪುರದಲ್ಲೇ ಕಟ್ಟಿಸಿಕೊಂಡು ಬರಬೇಕು, ಎಲೆ-ಕಾಗದಗಳನ್ನು ಹಿಂದಕ್ಕೆ ಒಯ್ಯಬೇಕು. ಹುಲ್ಲಿನಲ್ಲಿ ಉಂಬಳಗಳು (ಜಿಗಣೆಗಳು) ಧಾರಾಳವಾಗಿರುತ್ತವೆ. ಉಪ್ಪಿನ ಪೊಟ್ಟಣವನ್ನೋ ಸುಣ್ಣದ ಡಬ್ಬಿಯನ್ನೋ ಕಿಸೆಯಲ್ಲಿಟ್ಟುಕೊಂಡರೆ ಸಾಕು, ಗಾಬರಿಪಡಬೇಕಾದದ್ದೇನೂ ಇಲ್ಲ.

ಘಟ್ಟ ಇಳಿಯುವ ವಿಚಾರದಲ್ಲಿ ಮಾತ್ರ ಯಾರೂ ಉದಾಸೀನ ಮಾಡಬಾರದು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟವೂ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರೆಬೈಲು ಘಟ್ಟವೂ ಜೋರು ಮಳೆಯಲ್ಲಿ ಮಣ್ಣು ಕುಸಿದು ಬಂದ್ ಆಗುವುದುಂಟು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು, ಮಣ್ಣು ಗಂಗಾವಳಿ ನದಿಯವರೆಗೂ ಹೋಯಿತು. ಅಲ್ಲಿ ಚಹಾ ಕುಡಿಯಲು ನಿಂತವರು, ಲಾರಿ ನಿಲ್ಲಿಸಿದವರು ಪ್ರಾಣ ಕಳೆದುಕೊಂಡರು. ಅದಾಗಿ ಒಂದು ತಿಂಗಳೂ ತುಂಬುವ ಮೊದಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡಗಳ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದ್ದರಿಂದ ಹೊರಡುವ ಬೆಳಗ್ಗೆ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಂಡು, ಹಗಲಿನಲ್ಲಿಯೇ ಘಟ್ಟ ಇಳಿಯಬೇಕು. ಕಡಿದ ಗುಡ್ಡದ ಬುಡದಲ್ಲಿ ಯಾವ ಕಾರಣಕ್ಕೂ ವಾಹನ ನಿಲ್ಲಿಸಬಾರದು. ಕೆಂಪು ಎಚ್ಚರಿಕೆ ಇದ್ದರೆ ಶಿರಸಿಯಲ್ಲೇ ಇನ್ನೊಂದು ರಾತ್ರಿ ಉಳಿಯುವುದು ಜಾಣತನ. ಕೋಣೆ ಕಾಯ್ದಿರಿಸುವಾಗಲೇ ಅದಕ್ಕೆ ಅವಕಾಶ ಇಟ್ಟುಕೊಂಡಿರಬೇಕು.

ರೈತರ ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುತ್ತಾರೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದದ್ದು ಇದೇ ಊರಿನ ಕಡಲ ದಂಡೆಯಲ್ಲಿ. ಊರಿನಲ್ಲಿರುವ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನಕ್ಕೆ ಹೋಗುವವರು ಅದು ತೆರೆದಿರುವ ಹೊತ್ತನ್ನು ವಿಚಾರಿಸಿಕೊಂಡು ಹೋಗಲಿ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಆಗಸ್ಟಿನಲ್ಲಿ ನೋಡಬೇಕೆಂದು ಬಂದರೆ ಬರಿಯ ನೀರು ಕಾಣುತ್ತದೆ. ಉಪ್ಪು ತೆಗೆಯುವ ಕೆಲಸವೆಲ್ಲ ಬೇಸಿಗೆಯದು.

ಗೋಕರ್ಣದಲ್ಲಿ ಕಡಲಿಗಿಂತ ಕೋಟಿತೀರ್ಥದ ಬಳಿ ಹೆಚ್ಚು ಹೊತ್ತು ಕಳೆಯಿರಿ. ಸುತ್ತ ಹಳೆಯ ಮನೆಗಳೂ ಗುಡಿಗಳೂ ಇರುವ ಆ ಕಲ್ಲುಮೆಟ್ಟಿಲಿನ ಕೆರೆಯನ್ನು ಒಂದು ಸುತ್ತು ನಡೆದರೆ ಊರಿನ ನಿತ್ಯದ ಬದುಕೇ ಕಾಣಸಿಗುತ್ತದೆ. ಕಡಲಿನಲ್ಲಿ ಆ ದಿನಗಳಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಬಾರದು. ಜೀವರಕ್ಷಕರು ಶಿಳ್ಳೆ ಊದಿದರೆ ಅವರೊಡನೆ ವಾದಿಸಬಾರದು. ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುವುದರಿಂದ ಮೀನೂಟ ಬಯಸುವವರಿಗೆ ಇದು ಒಳ್ಳೆಯ ಕಾಲ. ನೂಲ ಹುಣ್ಣಿಮೆ ಅದೇ ವಾರ ಬಂದರೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದನ್ನೂ ನೋಡಬಹುದು. 15ರಂದು ಮದ್ಯ ಮಾರಾಟವಿರುವುದಿಲ್ಲ, ಬ್ಯಾಂಕುಗಳು ಮುಚ್ಚಿರುತ್ತವೆ; ಕೈಯಲ್ಲಿ ಸ್ವಲ್ಪ ನಗದು ಇರಲಿ.

ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರ ಮತ್ತು ಯುದ್ಧನೌಕೆಯ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಸಾಕು. ಬಿಣಗಾದ ಎದುರಿನ ಕಡಲಲ್ಲಿರುವ ಅಂಜುದೀವ್ ದ್ವೀಪ ನೌಕಾಪಡೆಯ ವಶದಲ್ಲಿರುವುದರಿಂದ ಅಲ್ಲಿಗೆ ಪ್ರವೇಶವಿಲ್ಲ. ಆದರೂ ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪದ ಮೇಲೆ ನಮ್ಮ ಬಾವುಟ ಏರಿದ್ದು 1961ರ ಡಿಸೆಂಬರಿನಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರಳುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಕಾರವಾರದಿಂದ ಹೊರಟು ಮರುದಿನ ಬೆಳಗ್ಗೆ ಬೆಂಗಳೂರು ಸೇರುತ್ತದೆ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಗಳಿಗೆ ಮೊದಲು ತೆರೆಯುವುದರಿಂದ, ಆಗಸ್ಟ್ 16, 17ರ ಟಿಕೆಟ್ಟಿಗೆ ಜೂನ್ ಮಧ್ಯದಲ್ಲಿಯೇ ಕುಳಿತುಕೊಳ್ಳಬೇಕು. ನಿಲ್ದಾಣ ಪೇಟೆಯೊಳಗಿಲ್ಲ, ಶಿರವಾಡದಲ್ಲಿದೆ. ಮಳೆಯ ಸಂಜೆ ರಿಕ್ಷಾ ಸಿಗುವುದು ತಡವಾಗುತ್ತದೆ, ಊಟ ಮಾಡಿದ ಹೋಟೆಲಿನಲ್ಲಿಯೇ ಹೇಳಿ ಗೊತ್ತುಮಾಡಿಸಿಕೊಳ್ಳಿ.