ಬಿಳಿ ಐದು, ಕರಿ ಒಂದು

"ಅಂವಗ ಪಂಚಮ ಬೇಕಾಗೈತಿ, ಸಿಗವಲ್ದು."

ಕಳೆದ ಸೋಮವಾರ ಮುಸ್ಸಂಜೆ, ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮರಳುವಾಗ, ಬಂಕಾಪುರ ದಾಟಿದ ಮೇಲೆ ನನ್ನ ಸೋದರಮಾವ ಕಾರಿನಲ್ಲಿ ಹಾಡೊಂದನ್ನು ಕೇಳುತ್ತ ಆಡಿದ ಮಾತಿದು; ಪಂಚಮವೆಂದರೆ ಸರಿಗಮದ 'ಪ' ಸ್ವರ. ಐದು ದಿನಗಳಾದವು, ಕಚೇರಿಯಲ್ಲಿ ಲೆಕ್ಕ ಬರೆಯುವಾಗಲೂ, ರಾತ್ರಿ ದೀಪ ಆರಿಸಿದ ಮೇಲೂ ಅದೇ ಮಾತು ಅದೇ ದನಿಯಲ್ಲಿ ಕಿವಿಗೆ ಬೀಳುತ್ತಿದೆ.

ವರ್ಷದ ಖಾರಪುಡಿಗೆ ಮೆಣಸಿನಕಾಯಿ ಆರಿಸುವ ಕೆಲಸವನ್ನು ಮಾಮಾ ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. 74ರ ವಯಸ್ಸಿನಲ್ಲಿಯೂ ಎಪಿಎಂಸಿಯ ಘಾಟಿನ ನಡುವೆ ಚೀಲದಿಂದ ಚೀಲಕ್ಕೆ ನಡೆದು, ಒಂದು ಕಾಯಿ ಎತ್ತಿ, ಕಿವಿಯ ಬಳಿ ಅಲುಗಿಸಿ ಬೀಜದ ಸಪ್ಪಳ ಕೇಳಿ, ತೊಟ್ಟು ಮುರಿದು ಮೂಸುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಹರಡಿರುವುದು ಅದರ ಬಣ್ಣಕ್ಕಾಗಿ; ಅದರಿಂದ ತೆಗೆದ ಸತ್ವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಸುಡುವ ಖಾರ ಬೇಕೆನ್ನುವವರು ಗುಂಟೂರಿನ ಕಾಯಿಯನ್ನು ಒಂದಿಷ್ಟು ಬೆರೆಸಿಕೊಳ್ಳುತ್ತಾರೆ. ಸುಕ್ಕುಗಟ್ಟಿದ ಕಡ್ಡಿಕಾಯಿಯೊಂದನ್ನು ನನ್ನ ಅಂಗೈಯಲ್ಲಿಟ್ಟು ಮಾಮಾ ಪ್ರತಿ ವರ್ಷ ಹೇಳುವುದನ್ನೇ ಈ ಸಲವೂ ಹೇಳಿದರು: "ಕೆಂಪು ಭಾಳ ಐತಿ ಅಂತ ಖಾರ ಭಾಳ ಅನ್ಕೋಬ್ಯಾಡ. ನಾಲಿಗಿ ಮ್ಯಾಲೆ ಎಷ್ಟೊತ್ತು ನಿಂದರತೈತಿ, ಅದನ್ನ ನೋಡು."

ಮಾಮಾ ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಜೊತೆಗೆ ಹಲವು ವರ್ಷ ಹಾರ್ಮೋನಿಯಂ ಸಾಥಿ ಮಾಡಿದವರು. ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಎದುರಿಗೆ ಕುಳಿತು ಕೇಳಿದ್ದನ್ನು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಹೋಗಿ ಬೆಳಗಿನವರೆಗೆ ಕುಳಿತದ್ದನ್ನು ಈಗಲೂ ಕಣ್ಣುಮುಚ್ಚಿ ಹೇಳುತ್ತಾರೆ. ಕಾಲೇಜಿಗಾಗಿ ನಾನು ಅವರ ಮನೆಯಲ್ಲಿ ಐದು ವರ್ಷ ಇದ್ದೆ, ಮತ್ತು ಆ ಐದೂ ವರ್ಷ ಹೆವಿ ಮೆಟಲ್ ಸಂಗೀತವನ್ನು ಹೆಡ್‌ಫೋನಿನಲ್ಲಿಯೇ ಕೇಳಿದೆ. ಆ ಮನೆಯ ಗೋಡೆಗಳಿಗೆ ಅಭ್ಯಾಸವಾಗಿದ್ದ ಸ್ವರಗಳ ನಡುವೆ ಆ ಗಿಟಾರಿನ ಗರ್ಜನೆಯನ್ನು ಬಿಡುವುದು ಅಪಚಾರವೆಂದು ನಾನೇ ತೀರ್ಮಾನಿಸಿದ್ದೆ, ಅವರನ್ನು ಕೇಳಿರಲಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡ ನುಡಿಸಿದಾಗ ನಾನು ಆ ಗುಂಪಿನಲ್ಲಿದ್ದೆ; ಮನೆಯಲ್ಲಿ ಗೆಳೆಯನ ಮದುವೆಯೆಂದು ಹೇಳಿ ಹೋಗಿದ್ದೆ. ಆ ಸುಳ್ಳು ಈ ವಾರ ನನ್ನನ್ನು ಬಹಳ ಚುಚ್ಚಿದೆ.

ಸೋಮವಾರ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದಾಗ ಕಾರಿನಲ್ಲಿ ಮಾಮಾನ ಇಷ್ಟದ ಪೂರಿಯಾ ರಾಗ ಇತ್ತು. ಅದು ಮುಗಿದೊಡನೆ ಫೋನು ತಾನಾಗಿಯೇ ನನ್ನ ಪಟ್ಟಿಗೆ ಜಾರಿತು. ಮೊದಲು ಮಳೆಯ ಸದ್ದು, ದೂರದಲ್ಲೊಂದು ಗಂಟೆ. 1970ರ ಫೆಬ್ರವರಿ 13ರಂದು ಹೊರಬಂದ ಬ್ಲ್ಯಾಕ್ ಸಬ್ಬತ್ ಎಂಬ ಮೆಟಲ್ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡು ಅದು. ತಂಡಕ್ಕೂ ಆಲ್ಬಮ್ಮಿಗೂ ಹಾಡಿಗೂ ಒಂದೇ ಹೆಸರು. ಗಿಟಾರ್ ಬರುವ ಮೊದಲೇ ನಿಲ್ಲಿಸಬೇಕೆಂದು ನಾನು ಕೈ ಚಾಚಿದೆ.

"ಇರ್ಲಿ ಬಿಡೋ. ಮಳಿ ಚಲೋ ಐತಿ" ಎಂದರು ಮಾಮಾ.

ಗಿಟಾರ್ ಬಂತು. ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಬಳಿಕ ತೀವ್ರ ಮಧ್ಯಮ, ಅಂದರೆ ಪಂಚಮಕ್ಕೆ ಒಂದೇ ಮೆಟ್ಟಿಲು ಕೆಳಗಿನ ಸ್ವರ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಮಾಮಾನ ಮುಖ ನೋಡುವ ಧೈರ್ಯವಿರಲಿಲ್ಲ. ಅರ್ಧ ನಿಮಿಷ ಕಳೆದಿರಬೇಕು, ಅವರ ಬೆರಳು ಮೊಣಕಾಲಿನ ಮೇಲೆ ಲಯ ಹಿಡಿದದ್ದು ಕಣ್ಣಂಚಿನಲ್ಲಿ ಕಂಡಿತು. ಆಗ ಅವರು ಆ ಮಾತು ಹೇಳಿದರು: ಅಂವಗ ಪಂಚಮ ಬೇಕಾಗೈತಿ, ಸಿಗವಲ್ದು.

ನಾನು ಇಪ್ಪತ್ತು ವರ್ಷ ಈ ಹಾಡನ್ನು ಕೇಳಿದ್ದೇನೆ. ಆ ಮೂರನೆಯ ಸ್ವರ ಎದೆಯನ್ನು ಏಕೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಪಾಶ್ಚಾತ್ಯರ ಮಾತಿನಲ್ಲಿ ಓದಿ ತಿಳಿದಿದ್ದೆ. ಅವರು ಆ ಅಂತರವನ್ನು ಸಂಗೀತದೊಳಗಿನ ಸೈತಾನನೆಂದು ಕರೆದವರು. ಮಾಮಾಗೆ ಅಲ್ಲಿ ಸೈತಾನನೂ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ತಲುಪಬೇಕಾದ ಸ್ವರದ ಹೊಸ್ತಿಲಲ್ಲಿ ನಿಂತ ಒಬ್ಬ ಮನುಷ್ಯ ಕಂಡ. ಪಂಚಮವೇ ಇಲ್ಲದ ಪೂರಿಯಾದ ಕೊನೆಯ ಆಲಾಪ ಆಗಷ್ಟೇ ಕಿವಿಯಿಂದ ಇಳಿದಿತ್ತೆಂಬುದು ನಿಜ. ಆದರೂ ಅಷ್ಟು ಸರಾಗವಾಗಿ ಅತ್ತಣಿಂದ ಇತ್ತ ದಾಟಲು ಎಂಥ ಕಿವಿ ಬೇಕು! "ಯಾರು ಬಾರಿಸ್ಯಾರ?" ಎಂದು ಕೇಳಿದರು. ಟೋನಿ ಐಯೊಮಿ ಎಂದೆ. 17ನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವನು, ಎಡಗೈಯವನಾದ್ದರಿಂದ ತಂತಿ ಒತ್ತುವುದು ಅದೇ ಕೈಯಿಂದ, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದನು ಎಂದೆ. ಮಾಮಾ ಬಹಳ ಹೊತ್ತು ಮಾತಾಡಲಿಲ್ಲ. ಹಾಡು ಕೊನೆಗೆ ಒಮ್ಮೆಲೇ ವೇಗಕ್ಕೆ ಹೊರಳಿದಾಗ ಮಾತ್ರ "ದ್ರುತ್‌ಗೆ ಬಂದ" ಎಂದರು.

ನನ್ನ ಕಚೇರಿಯಲ್ಲಿ ಒಬ್ಬರಿದ್ದಾರೆ. ನಾನು ಕೇಳುವುದನ್ನು "ಒದರಾಟ" ಎಂದೇ ಕರೆಯುತ್ತಾರೆ. ಅವರು ಒಂದು ಹಾಡನ್ನಾದರೂ ಕೊನೆಯವರೆಗೆ ಕೇಳಿದವರಲ್ಲ. ಮೆಟಲ್ ಮೆಚ್ಚುವ ಕಿರಿಯರ ಮೇಲೂ ನನಗೆ ಬೇಸರವಿದೆ: ಯಾವ ಡ್ರಮ್ಮರ್ ಎಷ್ಟು ವೇಗ ಎಂಬ ಎಣಿಕೆಯಲ್ಲಿಯೇ ಅವರ ಪ್ರೀತಿ ಮುಗಿಯುತ್ತದೆ. ಪಂದ್ಯ ಕಟ್ಟಿ ಭೂತ್ ಜೊಲೊಕಿಯಾ ಎಂಬ ಅತಿ ಖಾರದ ಮೆಣಸಿನಕಾಯಿ ಅಗಿದು ಕಣ್ಣೀರಿಡುವವರೂ, ಬಿಯರೆಂದರೆ ಸ್ಟ್ರಾಂಗ್ ಎಂದಷ್ಟೇ ಕೇಳುವವರೂ ಇವರ ಬಂಧುಗಳೇ. ಎಲ್ಲರೂ ಪ್ರಮಾಣವನ್ನು ಅಳೆಯುತ್ತಾರೆ.

ಆ ರಾತ್ರಿ ಮಾಮಾ ಹುಬ್ಬಳ್ಳಿಯ ನಮ್ಮ ಮನೆಯಲ್ಲಿಯೇ ಉಳಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಕೆಂಪು ಮೆಣಸಿನಕಾಯಿಯ ರಂಜಕ, ಅದರ ಮೇಲೆ ಬೆಣ್ಣೆ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಬೆಣ್ಣೆ ಮೊಸರಿಗೆ ಮಣಿಯುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ಬೆಂಗಳೂರಿನಿಂದ ತಂದಿದ್ದ ಕ್ರಾಫ್ಟ್ ಬಿಯರಿನ ಕ್ಯಾನು ಫ್ರಿಜ್ಜಿನಲ್ಲಿತ್ತು. ಮಾಮಾ ಕುಡಿಯುವವರಲ್ಲ. ಎಂದೂ ಅವರೆದುರು ತೆಗೆಯದವನು ಅಂದು ಕೇಳಿಯೇ ತೆಗೆದೆ. ಅವರು ಲೋಟವನ್ನು ಮೂಗಿನ ಬಳಿ ಹಿಡಿದು, "ಮೋಸಂಬಿ ಸಿಪ್ಪಿ ವಾಸನಿ ಬರತೈತಲ್ಲೋ" ಎಂದರು. ಹಾಪ್ಸ್ ಎಂಬ ಬಳ್ಳಿಯ ಹೂವು ಅದು, ಮೊದಲೇ ಹಾಕಿ ಕುದಿಸಿದರೆ ಕಹಿ ಬಿಡುತ್ತದೆ, ಕೊನೆಗೆ ಹಾಕಿದರೆ ಪರಿಮಳ ಉಳಿಯುತ್ತದೆ ಎಂದು ವಿವರಿಸಿದೆ. ಕಹಿಯೂ ನೊರೆಯೂ ಹೆಚ್ಚಿರುವ ಇಂಥ ಬಿಯರು ರಂಜಕದ ಉರಿಯನ್ನು ಇಳಿಸುವ ಬದಲು ಏರಿಸುತ್ತದೆ. ಆ ಏರಿಕೆಗಾಗಿಯೇ ನಾನು ಎರಡನ್ನೂ ಜೊತೆಗಿಡುತ್ತೇನೆ. ಮಾಮಾ ಲೋಟ ಮರಳಿ ಕೊಟ್ಟು, "ಇಷ್ಟ ದಿನ ಯಾಕ ಮುಚ್ಚಿಟ್ಟಿದ್ದಿ?" ಎಂದರು. ಬಿಯರಿನ ಬಗ್ಗೆಯೋ ಹಾಡಿನ ಬಗ್ಗೆಯೋ ತಿಳಿಯಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.

ನಿನ್ನೆ ಸಂಜೆ ಕುಟ್ಟಿಸಿದ ಖಾರಪುಡಿಯ ಡಬ್ಬಿ ಕೊಡಲು ಧಾರವಾಡಕ್ಕೆ ಹೋದೆ. ಹಾರ್ಮೋನಿಯಂ ಹೊರಗಿತ್ತು, ಮುಚ್ಚಳದ ಮೇಲಿನ ಬಟ್ಟೆ ತೆಗೆದಿತ್ತು. "ಬಿಳಿ ಐದರೊಳಗ ಐತಿ ನೋಡು ಅದು" ಎಂದವರೇ ಕೆಳಗಿನ ಬಿಳಿ ಐದನ್ನು, ಅಂದರೆ ಷಡ್ಜವಾಗಿ ಹಿಡಿದ ಐದನೆಯ ಬಿಳಿ ಕೀಲಿಯನ್ನು ಒತ್ತಿದರು, ಆಮೇಲೆ ಮೇಲಿನ ಬಿಳಿ ಐದು, ಆಮೇಲೆ ಕರಿ ಒಂದು. ಅದೇ. ತಂತಿಯ ಗರ್ಜನೆಯಿಲ್ಲದೆ, ಬರಿಯ ಗಾಳಿಯಲ್ಲಿ, ಅದೇ. ಒಳಗಿನಿಂದ ಅತ್ತೆ ರೊಟ್ಟಿ ಆರುತ್ತಿದೆ ಎಂದು ಎರಡು ಸಲ ಕೂಗಿದರು. ಮಾಮಾ ಗಾಳಿಯ ಭಾತೆ ಒತ್ತುತ್ತಲೇ ಇನ್ನೊಂದು ಬೆರಳನ್ನು ಪಕ್ಕದ ಬಿಳಿ ಎರಡರ ಮೇಲೆ, ಅಂದರೆ ಪಂಚಮದ ಮೇಲೆ ಇಟ್ಟರು. ಒತ್ತಲಿಲ್ಲ.